ಮಾರ್ಕೆಟ್ರಿಯನ್ನು ಇನ್‌ಲೇ ಎನ್ನಬೇಡಿ

ವಿಕ್ಟೋರಿಯನ್ ಕಾಲದ ಬರವಣಿಗೆ ಮೇಜುಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಹೂಬಳ್ಳಿಯ ಅಲಂಕಾರ ಕಂಡ ಕೂಡಲೇ ‘ಇನ್‌ಲೇ’ ಎಂದು ಬರೆದುಬಿಡುತ್ತಾರೆ. ಅವುಗಳಲ್ಲಿ ಬಹಳಷ್ಟು ಮಾರ್ಕೆಟ್ರಿ. ನೋಟ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ.

ಗಟ್ಟಿ ಮರದಲ್ಲಿ ಆಕಾರಕ್ಕೆ ತಕ್ಕ ಗುಳಿ ತೋಡಿ, ಅದರೊಳಗೆ ಬೇರೆ ಮರವನ್ನೋ ಲೋಹವನ್ನೋ ಕೂರಿಸಿದರೆ ಅದು ಇನ್‌ಲೇ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಬೀಟೆ ಬಾಗಿಲಿನೊಳಗೆ ಕೂತ ದಂತವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾರ್ಕೆಟ್ರಿಯಲ್ಲಿ ಮೇಜಿನ ಮರವನ್ನು ತೋಡುವುದೇ ಇಲ್ಲ. ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಗಳನ್ನು (ವೆನೀರ್) ಒಂದರ ಮೇಲೊಂದು ಇಟ್ಟು, ಸಣ್ಣ ಗರಗಸದಿಂದ ಒಟ್ಟಿಗೇ ಕೊಯ್ಯುತ್ತಾರೆ. ಕೊಯ್ದ ತುಂಡುಗಳನ್ನು ಅದಲುಬದಲು ಮಾಡಿ ಜೋಡಿಸಿದರೆ ಹೂವು, ಎಲೆ, ಹಿನ್ನೆಲೆ ಎಲ್ಲವೂ ಸೇರಿ ಒಂದೇ ಹಾಳೆಯಾಗುತ್ತದೆ. ಆ ಇಡೀ ಹಾಳೆಯನ್ನು ಮೇಜಿನ ಮೈಗೆ ಅಂಟಿನಿಂದ ಹಚ್ಚುತ್ತಾರೆ. ದಳದ ಬುಡದಲ್ಲಿ ಕಾಣುವ ಕಂದು ನೆರಳು ಬಣ್ಣದ್ದಲ್ಲ: ತುಂಡಿನ ಅಂಚನ್ನು ಕಾದ ಮರಳಿನಲ್ಲಿ ಅದ್ದಿ ಹದವಾಗಿ ಸುಟ್ಟದ್ದು. ತುಸು ಹೆಚ್ಚು ಹೊತ್ತು ಬಿಟ್ಟರೆ ಅಂಚು ಕರಿದಾಗಿ, ಆ ತುಂಡು ಕೆಲಸಕ್ಕೆ ಬಾರದು. ಈ ಕೈಚಳಕಕ್ಕೆ ಅದರದೇ ಹೆಸರು ಸಲ್ಲಬೇಕು.

ಒಟ್ಟಿಗೆ ಕೊಯ್ಯುವುದರ ಪೂರ್ಣ ಫಲ ಬೂಲ್ ಕೆಲಸದಲ್ಲಿದೆ. ಫ್ರಾನ್ಸಿನ ದೊರೆ 14ನೇ ಲೂಯಿಯ ಆಸ್ಥಾನದ ಕುಶಲಕರ್ಮಿ ಆಂದ್ರೆ ಶಾರ್ಲ್ ಬೂಲ್‌ನಿಂದ ಇದಕ್ಕೆ ಆ ಹೆಸರು. ಆಮೆ ಚಿಪ್ಪು ಮತ್ತು ಹಿತ್ತಾಳೆಯ ಹಾಳೆಗಳನ್ನು ಜೊತೆಯಾಗಿ ಕೊಯ್ದಾಗ ಎರಡು ಅಲಂಕಾರಗಳು ಸಿಗುತ್ತವೆ: ಒಂದರಲ್ಲಿ ಚಿಪ್ಪಿನ ಮೇಲೆ ಹಿತ್ತಾಳೆಯ ಬಳ್ಳಿ, ಇನ್ನೊಂದರಲ್ಲಿ ಹಿತ್ತಾಳೆಯ ಮೇಲೆ ಚಿಪ್ಪಿನ ಬಳ್ಳಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (1837–1901) ಇಂಗ್ಲೆಂಡಿನ ಶ್ರೀಮಂತರಿಗೆ ಹಳೆಯ ಫ್ರೆಂಚ್ ಶೈಲಿಯ ಮೋಹ ಹತ್ತಿ, ಬೂಲ್ ಮಾದರಿಯ ಮೇಜುಗಳೂ ತಯಾರಾದವು. ಹಾಗಾಗಿ ‘ವಿಕ್ಟೋರಿಯನ್’ ಎನ್ನುವುದು ಕಾಲವನ್ನು ಹೇಳುತ್ತದೆಯೇ ಹೊರತು ಒಂದು ಶೈಲಿಯನ್ನಲ್ಲ. ಇದನ್ನೂ ಎಷ್ಟು ಸಲ ಹೇಳಬೇಕೋ ತಿಳಿಯದು.

ಒಂದೇ ಮೇಜಿನಲ್ಲಿ ಎರಡೂ ಇರಬಹುದು. ನಡುವಿನ ಹೂಗೊಂಚಲು ಮಾರ್ಕೆಟ್ರಿಯಾಗಿದ್ದು, ಅಂಚಿನುದ್ದಕ್ಕೂ ಸಣ್ಣ ತೋಡು ಕೊರೆದು ಕೂರಿಸಿದ ತಿಳಿ ಮರದ ಗೆರೆ ಇನ್‌ಲೇ ಆಗಿರುತ್ತದೆ. ಅಂಥಲ್ಲಿ ಎರಡು ಹೆಸರನ್ನೂ ಬರೆಯಿರಿ. ಅನುಮಾನವಿದ್ದರೆ ಡ್ರಾಯರ್ ಎಳೆದು ಅದರ ಮುಂಬದಿಯ ಮೇಲಂಚನ್ನು ನೋಡಿ. ಒಳಗಿನ ಮರ ಬೇರೆಯಾಗಿ, ಅದರ ಮೇಲೆ ಹೂವನ್ನೂ ಹಿನ್ನೆಲೆಯನ್ನೂ ಹೊತ್ತ ತೆಳು ಪದರ ಕಂಡರೆ ಅದು ಮಾರ್ಕೆಟ್ರಿ.