ಗ್ಲಿಕ್ ಅವರ ತಲೆ: ಒಂದು ಹೆಡರ್‌ನ ವಿಜ್ಞಾನ

2012ರ ಅಕ್ಟೋಬರ್ 16ರಂದು ವಾರ್ಸಾದಲ್ಲಿ ಜೋರು ಮಳೆ. ಪೋಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಫುಟ್ಬಾಲ್ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಬೇಕಿತ್ತು. ಸ್ಟೇಡಿಯಂ ಹೊಸದು, ಮುಚ್ಚುವ ಚಾವಣಿಯೂ ಇತ್ತು. ಆದರೆ ಅದನ್ನು ತೆರೆದೇ ಬಿಟ್ಟಿದ್ದರು. ಮೈದಾನದ ತುಂಬ ನೀರು ನಿಂತು ಪಂದ್ಯ ಮರುದಿನಕ್ಕೆ ಹೋಯಿತು. ಮರುದಿನ ವೇಯ್ನ್ ರೂನಿ ಇಂಗ್ಲೆಂಡಿಗೆ ಮುನ್ನಡೆ ತಂದುಕೊಟ್ಟರು. 70ನೇ ನಿಮಿಷದಲ್ಲಿ ಪೋಲೆಂಡಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ, ಸಿಕ್ಕಿತು. ಲುಡೊವಿಕ್ ಒಬ್ರಾನ್ಯಾಕ್ ಒದ್ದ ಚೆಂಡನ್ನು ಹಿಡಿಯಲು ಗೋಲ್‌ಕೀಪರ್ ಜೋ ಹಾರ್ಟ್ ಮುಂದೆ ಬಂದರು, ಆದರೆ ಚೆಂಡು ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಪೋಲೆಂಡಿನ 24 ವರ್ಷದ ಡಿಫೆಂಡರ್ (ಎದುರಾಳಿಗಳ ದಾಳಿ ತಡೆಯುವ ಆಟಗಾರ) ಕಮಿಲ್ ಗ್ಲಿಕ್ ಅವರ ತಲೆಗೆ. ಪಂದ್ಯ 1–1ರಲ್ಲಿ ಮುಗಿಯಿತು.

ಗ್ಲಿಕ್ ಹುಟ್ಟಿದ್ದು 1988ರಲ್ಲಿ, ದಕ್ಷಿಣ ಪೋಲೆಂಡಿನ ಕಲ್ಲಿದ್ದಲು ಗಣಿಗಳ ಊರಾದ ಯಸ್ತ್‌ಶೆಂಬ್ಯೆ-ಜ್ದ್ರುಯ್‌ನಲ್ಲಿ. ಹರೆಯದಲ್ಲೇ ಸ್ಪೇನ್‌ಗೆ ಹೋದರು, ರಿಯಲ್ ಮ್ಯಾಡ್ರಿಡ್‌ನ ಮೂರನೇ ತಂಡದಲ್ಲಿ ಆಡಿದರು, ಮತ್ತೆ ಊರಿನ ಕಡೆಗೆ ಬಂದು ಪ್ಯಾಸ್ಟ್ ಗ್ಲಿವಿತ್ಸೆ ಸೇರಿದರು. ಅಲ್ಲಿಂದ ಇಟಲಿ. ಪಲೆರ್ಮೊ, ಬಾರಿ ಆದ ಮೇಲೆ ಟೊರಿನೊ ಕ್ಲಬ್‌ನಲ್ಲಿ ನೆಲೆ ನಿಂತು, ಎರಡನೇ ದರ್ಜೆಯಿಂದ ಮೊದಲನೇ ದರ್ಜೆಗೆ ತಂಡದ ಜೊತೆ ಏರಿ, ನಾಯಕರೂ ಆದರು. 2014–15ರ ಇಟಲಿ ಲೀಗ್‌ನಲ್ಲಿ ಅವರು ಹೊಡೆದದ್ದು 7 ಗೋಲು. ಸೆಂಟರ್ ಬ್ಯಾಕ್, ಅಂದರೆ ತಮ್ಮ ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್‌ಗೆ ಇದು ಬಹಳ ದೊಡ್ಡ ಸಂಖ್ಯೆ. 2016–17ರಲ್ಲಿ ಮೊನಾಕೊ ತಂಡದೊಂದಿಗೆ ಫ್ರಾನ್ಸ್ ಲೀಗ್ ಗೆದ್ದರು. ಆಮೇಲೆ ಬೆನೆವೆಂಟೊ, 2023ರಲ್ಲಿ ಮರಳಿ ಪೋಲೆಂಡಿನ ಕ್ರಾಕೋವಿಯಾ. ದೇಶದ ಪರವಾಗಿ ಆಡಿದ ಪಂದ್ಯಗಳು 100ಕ್ಕೂ ಜಾಸ್ತಿ.

ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು 2016ರ ಯೂರೋ ಕಪ್. ಪೋಲೆಂಡ್ ಐದು ಪಂದ್ಯ ಆಡಿ ಬಿಟ್ಟುಕೊಟ್ಟದ್ದು ಬರೀ ಎರಡು ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಸೋತದ್ದೂ ಪೆನಾಲ್ಟಿಗಳಲ್ಲಿ, ಆ ವರ್ಷ ಕಪ್ ಗೆದ್ದ ಪೋರ್ಚುಗಲ್ ಎದುರು. ಡಿಫೆಂಡರ್‌ನ ಕೆಲಸವೇ ಹಾಗೆ. ಆಗದೇ ಹೋದ ಗೋಲುಗಳನ್ನು ಯಾರೂ ಎಣಿಸುವುದಿಲ್ಲ.

ಆ ಕೆಲಸದ ನಡುಮಧ್ಯೆ ಇರುವುದು ಹೆಡರ್, ಅಂದರೆ ಚೆಂಡನ್ನು ತಲೆಯಿಂದ ಹೊಡೆಯುವುದು. ಗ್ಲಿಕ್ ಅವರ ಎತ್ತರ ಸುಮಾರು 190 ಸೆಂಟಿಮೀಟರ್. ಉದ್ದ ಇದ್ದಾರೆ, ಅದಕ್ಕೇ ತಲೆಗೆ ಚೆಂಡು ಸಿಗುತ್ತದೆ ಅಂತ ಸುಲಭವಾಗಿ ಹೇಳಿಬಿಡಬಹುದು. ಲೆಕ್ಕ ಹಾಕಿ ನೋಡಿದರೆ ಕಥೆ ಬೇರೆ.

ಒಬ್ಬ ಆಟಗಾರ ಅರ್ಧ ಮೀಟರ್ ಮೇಲಕ್ಕೆ ಜಿಗಿಯುತ್ತಾನೆ ಅಂತಿಟ್ಟುಕೊಳ್ಳಿ. ನೆಲ ಬಿಟ್ಟು ತುದಿ ಮುಟ್ಟಲು ಬೇಕಾಗುವುದು ಸುಮಾರು 0.32 ಸೆಕೆಂಡ್. ಕೆಳಗೆ ಬರಲು ಮತ್ತೆ ಅಷ್ಟೇ. ತುದಿಯ ಹತ್ತಿರ ವೇಗ ತೀರಾ ಕಡಿಮೆ ಇರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದಂತೆ ಕಾಣುತ್ತದೆ. ಒಳ್ಳೆಯ ಹೆಡರ್ ಆಟಗಾರರು ಗಾಳಿಯಲ್ಲಿ ನಿಂತೇಬಿಡುತ್ತಾರೆ ಅಂತ ನಮಗೆ ಅನಿಸುವುದು ಇದರಿಂದ. ಈಗ ಅವನ ಅಂದಾಜು 0.1 ಸೆಕೆಂಡ್ ತಪ್ಪಿದರೆ? ತಲೆ ತುದಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರುತ್ತದೆ. 0.2 ಸೆಕೆಂಡ್ ತಪ್ಪಿದರೆ ಹತ್ತಿರ ಹತ್ತಿರ 20 ಸೆಂಟಿಮೀಟರ್. ಅಂದರೆ 190 ಸೆಂಟಿಮೀಟರ್ ಎತ್ತರದವನು, ಸರಿಯಾದ ಹೊತ್ತಿಗೆ ಅಷ್ಟೇ ಜಿಗಿದ 170 ಸೆಂಟಿಮೀಟರ್‌ನವನಿಗೆ ಸಮ ಆಗಿಬಿಡುತ್ತಾನೆ!

ಕಣ್ಣಿಗೆ ಏನೋ ಕಂಡು ಮೈ ಅಲುಗಾಡಲು ಶುರುವಾಗುವಷ್ಟರಲ್ಲೇ ಸುಮಾರು 0.2 ಸೆಕೆಂಡ್ ಆಗಿಹೋಗಿರುತ್ತದೆ. ಚೆಂಡು ಹತ್ತಿರ ಬರಲಿ, ಆಮೇಲೆ ಜಿಗಿಯೋಣ ಅಂದರೆ ಆಗುವುದಿಲ್ಲ. ಕಾರ್ನರ್‌ನಿಂದ ಗೋಲಿನ ನಡುವಿಗೆ ಸುಮಾರು 34 ಮೀಟರ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ ಚೆಂಡಿಗೆ ಬೇಕಾಗುವುದು 1.7 ಸೆಕೆಂಡ್. ಅಷ್ಟರಲ್ಲಿ ಓಡಬೇಕು, ಎದುರಾಳಿಯ ಭುಜ ತಳ್ಳುತ್ತಿದ್ದರೂ ಜಾಗ ಹಿಡಿಯಬೇಕು, ಜಿಗಿಯಬೇಕು. ಸಾಲದ್ದಕ್ಕೆ ಚೆಂಡು ತಿರುಗುತ್ತಾ ಬರುತ್ತದೆ. ತಿರುಗುವ ಚೆಂಡಿನ ಎರಡು ಬದಿಯಲ್ಲಿ ಗಾಳಿ ಒಂದೇ ತರ ಹರಿಯುವುದಿಲ್ಲ. ಅದರಿಂದ ದಾರಿ ಬಾಗುತ್ತದೆ.

ಹಾಗಾದರೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಆಟಗಾರನಿಗೆ ಗೊತ್ತಾಗುವುದು ಹೇಗೆ? ಎತ್ತರದ ಕ್ಯಾಚ್ ಹಿಡಿಯುವ ಕ್ರಿಕೆಟ್ ಫೀಲ್ಡರ್‌ಗಳನ್ನು ಗಮನಿಸಿ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಚೆಂಡನ್ನು ನೋಡುತ್ತಿರುವಾಗ ನಮ್ಮ ದೃಷ್ಟಿ ಮೇಲಕ್ಕೆ ಏರುತ್ತಾ ಹೋಗುತ್ತದೆ, ಅಲ್ವಾ? ಆ ಏರಿಕೆ ನಿಧಾನವಾಗುತ್ತಿದ್ದರೆ ಚೆಂಡು ನಮ್ಮ ಮುಂದೆ ಬೀಳುತ್ತದೆ. ಜೋರಾಗುತ್ತಿದ್ದರೆ ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಏರಿಕೆ ಒಂದೇ ಸಮ ಇರುವ ಹಾಗೆ ಹಿಂದೆ ಮುಂದೆ ಹೆಜ್ಜೆ ಇಡುತ್ತಾ ಹೋದರೆ ಸಾಕು, ಚೆಂಡು ಬರುವ ಜಾಗಕ್ಕೇ ನಾವೂ ಬಂದಿರುತ್ತೇವೆ. ಮಿದುಳು ಇದನ್ನು ಗಣಿತ ಗೊತ್ತಿಲ್ಲದೆಯೇ ಮಾಡುತ್ತದೆ. ಅನುಭವಿ ಡಿಫೆಂಡರ್ ಇನ್ನೂ ಮೊದಲೇ ಶುರು ಮಾಡುತ್ತಾನೆ. ಒದೆಯುವವನ ಓಟ, ಸೊಂಟ ತಿರುಗಿದ ರೀತಿ, ಪಾದ ಊರಿದ ಕೋನ ನೋಡಿಯೇ ಚೆಂಡಿನ ದಾರಿಯನ್ನು ಅರ್ಧ ಊಹಿಸಿರುತ್ತಾನೆ. ಗ್ಲಿಕ್ ಓಟದಲ್ಲಿ ತುಂಬ ಚುರುಕಾದವರು ಅಂತ ಯಾವತ್ತೂ ಹೆಸರು ಪಡೆದವರಲ್ಲ. ಇಷ್ಟು ವರ್ಷ ದೊಡ್ಡ ಮಟ್ಟದಲ್ಲಿ ಅವರನ್ನು ಉಳಿಸಿದ್ದು ಈ ಊಹೆಯೇ ಅಂತ ನನ್ನ ನಂಬಿಕೆ.

ಜಿಗಿತಕ್ಕೆ ಕಾಲಷ್ಟೇ ಅಲ್ಲ, ಕೈಯೂ ಬೇಕು. ಕೈಗಳನ್ನು ಬೀಸಿ ಜಿಗಿದರೆ, ಬೀಸದೆ ಜಿಗಿದದ್ದಕ್ಕಿಂತ ಶೇಕಡಾ 10 ಅಥವಾ ಅದಕ್ಕೂ ಜಾಸ್ತಿ ಎತ್ತರ ಸಿಗುತ್ತದೆ. ಗಾಳಿಯಲ್ಲಿ ತೂಕ ಸರಿದೂಗಿಸುವುದೂ, ಬಿದ್ದಾಗ ಮೊದಲು ನೆಲ ಮುಟ್ಟುವುದೂ ಹೆಚ್ಚಾಗಿ ಕೈಗಳೇ. 2018ರ ಜೂನ್‌ನಲ್ಲಿ ಪೋಲೆಂಡ್ ಇಡೀ ಗ್ಲಿಕ್ ಅವರ ಭುಜದ ಬಗ್ಗೆ ಮಾತಾಡಿದ್ದು ಇದೇ ಕಾರಣಕ್ಕೆ. ವಿಶ್ವಕಪ್ ಇನ್ನೇನು ಶುರುವಾಗಬೇಕು. ಪೋಲೆಂಡಿನ ಅರ್ವಾಮುಫ್‌ನ ತರಬೇತಿ ಶಿಬಿರದಲ್ಲಿ ಹಿಮ್ಮುಖವಾಗಿ ಹಾರಿ ಚೆಂಡು ಒದೆಯಲು ಹೋಗಿ ಅವರು ಭುಜದ ಮೇಲೆ ಬಿದ್ದರು. ವಿಶ್ವಕಪ್ ಕೈತಪ್ಪಿತು ಅಂತಲೇ ಮೊದಲು ಸುದ್ದಿಯಾಯಿತು. ಮೂಳೆಗೆ ಮೂಳೆ ಜೋಡಿಸುವ ಕಟ್ಟುಗಳಿಗೆ ರಕ್ತದ ಹರಿವು ಕಡಿಮೆ. ಪೆಟ್ಟು ತಿಂದ ಕಟ್ಟು ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅಂಥದ್ದರಲ್ಲೂ ಅವರು ರಷ್ಯಾಕ್ಕೆ ಹೋದರು. ಕೊಲಂಬಿಯಾ ವಿರುದ್ಧ ಕೊನೆಯಲ್ಲಿ ಕೆಲವು ನಿಮಿಷ, ಆಮೇಲೆ ಜಪಾನ್ ವಿರುದ್ಧ ಪೂರ್ತಿ ಪಂದ್ಯ ಆಡಿದರು. ಪೋಲೆಂಡ್ ಅಷ್ಟರಲ್ಲಾಗಲೇ ಹೊರಬಿದ್ದಿತ್ತು. ಆದರೂ ಗೋಲು ಬಿಟ್ಟುಕೊಡದೆ ಗೆದ್ದದ್ದು ಆ ಒಂದೇ ಪಂದ್ಯ.

ಚೆಂಡು ತಲೆಗೆ ತಾಗುವ ಗಳಿಗೆಗೆ ಬರೋಣ. ಚೆಂಡಿನ ತೂಕ 410ರಿಂದ 450 ಗ್ರಾಂ. ಅದು ತಲೆಯ ಮೇಲೆ ಇರುವುದು 15 ಮಿಲಿಸೆಕೆಂಡಿನಷ್ಟು ಮಾತ್ರ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದ ಚೆಂಡನ್ನು 10 ಮೀಟರ್ ವೇಗದಲ್ಲಿ ವಾಪಸ್ ಕಳಿಸಿದರೆ, ಅಷ್ಟು ಹೊತ್ತು ಹಣೆಯ ಮೇಲೆ ಬೀಳುವ ಒತ್ತಡ ಸರಾಸರಿ 70 ಕಿಲೋ ತೂಕದಷ್ಟು. ತಲೆ ಒಂದೇ ಅದನ್ನು ಹೊತ್ತರೆ ಚೆನ್ನಾಗಿ ಅಲುಗಾಡುತ್ತದೆ. ಅದಕ್ಕೇ ಆಟಗಾರ ಮೊದಲು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಚೆಂಡು ತಾಗುವ ಮುಂಚೆ ಕತ್ತಿನ ಸ್ನಾಯುಗಳನ್ನು ಬಿಗಿ ಮಾಡುತ್ತಾನೆ. ಆಗ ತಲೆ, ಕತ್ತು, ಎದೆ ಒಂದೇ ತುಂಡಿನ ಹಾಗೆ ಕೆಲಸ ಮಾಡುತ್ತವೆ.

ಎಷ್ಟೇ ಬಿಗಿ ಮಾಡಿದರೂ ಮಿದುಳು ಸ್ವಲ್ಪ ಅಲುಗಾಡಿಯೇ ತೀರುತ್ತದೆ. ಹೆಪ್ಪಾದ ಮೊಸರಿನ ಪಾತ್ರೆಯನ್ನು ತಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗುತ್ತದೆ, ಒಳಗಿನ ಮೊಸರು ತಡವಾಗಿ ಹಿಂಬಾಲಿಸಿ ಅಂಚಿನಲ್ಲಿ ಸೀಳುತ್ತದೆ. ಮಿದುಳಿನ ಉದ್ದನೆಯ ನರತಂತುಗಳಿಗೂ ತಿರುಗುವ ಅಲುಗಾಟವೇ ಹೆಚ್ಚು ಕಷ್ಟ. ಒಂದು ಹೆಡರ್‌ನಿಂದ ಏನೂ ಕಾಣಿಸುವುದಿಲ್ಲ. ಪ್ರಶ್ನೆ ಇರುವುದು ಸಾವಿರಾರು ಹೆಡರ್‌ಗಳ ಬಗ್ಗೆ.

ಗ್ಲ್ಯಾಸ್ಗೋದಲ್ಲಿ ಡಾ. ವಿಲ್ಲಿ ಸ್ಟೀವರ್ಟ್ ನೇತೃತ್ವದ ತಂಡ 7,676 ಮಾಜಿ ಸ್ಕಾಟಿಷ್ ಫುಟ್ಬಾಲ್ ಆಟಗಾರರ ದಾಖಲೆಗಳನ್ನು ಸಾಮಾನ್ಯ ಜನರ ದಾಖಲೆಗಳ ಜೊತೆ ಇಟ್ಟು ನೋಡಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ ಸಮಾಧಾನವೂ ಇತ್ತು. ಹೃದಯದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಆಟಗಾರರಲ್ಲಿ ಕಡಿಮೆ. ಆದರೆ ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಾಧ್ಯತೆ ಅವರಿಗೆ ಸುಮಾರು ಮೂರೂವರೆ ಪಟ್ಟು. 2021ರಲ್ಲಿ ಅದೇ ತಂಡ ಆಡುವ ಜಾಗದ ಪ್ರಕಾರ ಲೆಕ್ಕ ತೆಗೆಯಿತು. ಹೆಡರ್ ಮಾಡುವುದು ಅಪರೂಪವಾದ ಗೋಲ್‌ಕೀಪರ್‌ಗಳಲ್ಲಿ ಅಪಾಯ ಸಾಮಾನ್ಯ ಜನರಿಗಿಂತ ಸ್ಪಷ್ಟವಾಗಿ ಹೆಚ್ಚು ಅಂತ ಕಾಣಲಿಲ್ಲ. ಡಿಫೆಂಡರ್‌ಗಳಲ್ಲಿ ಸುಮಾರು ಐದು ಪಟ್ಟು. ಹೆಡರ್ ಒಂದೇ ಕಾರಣ ಅಂತ ಈ ಲೆಕ್ಕದಿಂದಲೇ ಸಾಬೀತಾಗುವುದಿಲ್ಲ. ತಲೆಗೆ ತಲೆ, ಮೊಣಕೈ ತಾಗುವುದೂ ಡಿಫೆಂಡರ್‌ಗಳಿಗೇ ಜಾಸ್ತಿ. ಆದರೂ ಹೆಚ್ಚು ವರ್ಷ ಆಡಿದವರಲ್ಲಿ ಅಪಾಯವೂ ಹೆಚ್ಚು ಅನ್ನುವುದನ್ನು ಪಕ್ಕಕ್ಕೆ ಸರಿಸಲು ಆಗುವುದಿಲ್ಲ.

ಆ ಮಾಜಿ ಆಟಗಾರರು ಹಳೇ ಚರ್ಮದ ಚೆಂಡಿನ ಕಾಲದವರು, ಈಗ ಹಾಗಿಲ್ಲ ಅನ್ನುವ ವಾದ ಇದೆ. ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು ನಿಜ. ಈಗಿನ ಚೆಂಡು ಅಷ್ಟಾಗಿ ನೀರು ಹೀರುವುದಿಲ್ಲ. ಆದರೆ ಒದ್ದೆಯಾದ ಭಾರದ ಚೆಂಡು ನಿಧಾನವಾಗಿ ಬರುತ್ತಿತ್ತು, ಹಗುರ ಚೆಂಡು ಜೋರಾಗಿ ಬರುತ್ತದೆ. ಪೆಟ್ಟಿನ ಲೆಕ್ಕದಲ್ಲಿ ತೂಕ, ವೇಗ ಎರಡೂ ಸೇರುತ್ತವೆ. ಹಾಗಾಗಿ ಈ ವಾದ ನನಗೆ ಧೈರ್ಯ ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ 2021ರಿಂದ ವೃತ್ತಿಪರ ಆಟಗಾರರಿಗೆ ಒಂದು ಸಲಹೆ ಇದೆ. ಜೋರಾದ ಹೆಡರ್‌ಗಳು ತರಬೇತಿಯಲ್ಲಿ ವಾರಕ್ಕೆ 10 ದಾಟಬಾರದು. ಪಂದ್ಯದಲ್ಲಿ ಮಿತಿ ಇಲ್ಲ. ಅಮೆರಿಕದಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಹೆಡರ್ ಮಾಡುವ ಹಾಗೇ ಇಲ್ಲ. ಇದು ಒಳ್ಳೆಯ ದಾರಿ ಅಂತ ನನಗನಿಸುತ್ತದೆ. ಏಕೆಂದರೆ ಹೆಡರ್‌ನಲ್ಲಿ ಕಲಿಯಬೇಕಾದ ಮುಖ್ಯ ಸಂಗತಿಗಳಿಗೆ ಗಟ್ಟಿ ಚೆಂಡು ಬೇಕಾಗಿಲ್ಲ. ಜಿಗಿಯುವ ಹೊತ್ತು, ಕೈ ಬೀಸುವ ರೀತಿ, ಬೀಳುವ ರೀತಿ, ಕತ್ತು ಬಿಗಿ ಮಾಡುವುದು, ಹಾರುವ ಚೆಂಡಿನ ಕೆಳಗೆ ಓಡಿ ಜಾಗ ಹಿಡಿಯುವುದು, ಇವೆಲ್ಲವನ್ನೂ ಬಲೂನು ಅಥವಾ ಮೆತ್ತನೆಯ ಚೆಂಡಿನಲ್ಲೇ ಕಲಿಸಬಹುದು.