ಬೆವರು ಆರದ ದಿನ ಕೂಲಿ ಕೆಲಸ

ಬೇಸಿಗೆ ಬಂತೆಂದರೆ ಟಿವಿಯಲ್ಲಿ ಅಂಕಿಗಳದ್ದೇ ಸದ್ದು. ರಾಯಚೂರು 43, ಕಲಬುರಗಿ 42. ಮಂಗಳೂರು 34 ಎಂದು ಕಂಡರೆ ಅಲ್ಲಿನವರು ಪುಣ್ಯವಂತರು ಅಂದುಕೊಳ್ಳುತ್ತೇವೆ. ಆ ಒಂದು ಅಂಕಿಯನ್ನೇ ನಂಬಿ ಕೂತರೆ ಬಿಸಿಲಿಗೆ ಯಾರು ಸಾಯುತ್ತಾರೆ, ಯಾಕೆ ಸಾಯುತ್ತಾರೆ ಎಂಬುದು ಗೊತ್ತಾಗುವುದೇ ಇಲ್ಲ.

ನಮ್ಮ ದೇಹ ತಂಪಾಗುವುದು ಮಣ್ಣಿನ ಗಡಿಗೆಯ ಹಾಗೆ. ಗಡಿಗೆಯ ಮೈಯಿಂದ ನೀರು ಜಿನುಗುತ್ತದೆ. ಅದು ಆರುವಾಗ ಒಳಗಿನ ಕಾವನ್ನೂ ಹೊತ್ತೊಯ್ಯುತ್ತದೆ. ಬೆವರಿನ ಕೆಲಸವೂ ಅಷ್ಟೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಬಿಟ್ಟು ಹೋಗುತ್ತದೆ. ಗಮನಿಸಿ, ಬೆವರು ಸುರಿದರೆ ಅಲ್ಲ, ಆರಿದರೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಮಳೆಗಾಲದಲ್ಲಿ ಗಡಿಗೆ ನೀರು ಅಷ್ಟು ತಣ್ಣಗಾಗುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಎರಡಕ್ಕೂ ಕಾರಣ ಒಂದೇ, ಗಾಳಿಯಲ್ಲಿ ಆಗಲೇ ಆವಿ ಜಾಸ್ತಿ ಇದೆ.

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ, ನೀರು ಆರಿ ಎಷ್ಟರ ಮಟ್ಟಿಗೆ ತಂಪಾಗಬಹುದು ಎಂಬುದನ್ನು ಅಳೆಯಬಹುದು. ಅದು ತೋರಿಸುವುದೇ ಒದ್ದೆ ಬಲ್ಬ್ ಉಷ್ಣಾಂಶ. 43 ಡಿಗ್ರಿ ಇದ್ದು ತೇವಾಂಶ 15% ಆದರೆ ಒದ್ದೆ ಬಲ್ಬ್ ಸುಮಾರು 23. 34 ಡಿಗ್ರಿ ಇದ್ದು ತೇವಾಂಶ 70% ಆದರೆ ಸುಮಾರು 29! ಪುಣ್ಯವಂತರು ಯಾರು ಎಂದು ಈಗ ಹೇಳಿ.

ಇದು ಹೊಸ ತಿಳಿವಳಿಕೆಯೇನಲ್ಲ. 1770ರ ದಶಕದಲ್ಲಿ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯ ಲಂಡನ್ನಿನಲ್ಲಿ ಸುಮಾರು 127 ಡಿಗ್ರಿಗೆ ಕಾಯಿಸಿದ ಕೋಣೆಯೊಳಗೆ ನಡೆದು ಹೋದ. ಅಲ್ಲಿಟ್ಟ ಮೊಟ್ಟೆ ಗಟ್ಟಿಯಾಯಿತು, ಮಾಂಸ ಬೆಂದಿತು. ಬ್ಲಾಗ್ಡೆನ್‌ಗೆ ಏನೂ ಆಗಲಿಲ್ಲ. ಗಾಳಿ ಒಣಗಿತ್ತು, ಬೆವರು ಆರುತ್ತಿತ್ತು, ಒಳಗಿದ್ದದ್ದೂ ಕೆಲವೇ ನಿಮಿಷ. 1905ರಲ್ಲಿ ಜಾನ್ ಹಾಲ್ಡೇನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳ ಬಿಸಿಯನ್ನು ಅಧ್ಯಯನ ಮಾಡಿ, ಲೆಕ್ಕಕ್ಕೆ ಬರುವುದು ಒದ್ದೆ ಬಲ್ಬ್ ಎಂದ. ಗಾಳಿಯಾಡದ ಕಡೆ ಅದು 31 ದಾಟಿದರೆ ಸುಮ್ನೆ ಕೂತವರ ಮೈಯೂ ಕಾಯತೊಡಗುತ್ತದೆ ಎಂದು ತೋರಿಸಿದ. 2010ರಲ್ಲಿ ವಿಜ್ಞಾನಿಗಳು ಕಾಗದದ ಮೇಲೆ ಲೆಕ್ಕ ಹಾಕಿ ಮನುಷ್ಯ ತಾಳಬಲ್ಲ ಒದ್ದೆ ಬಲ್ಬ್ ಮಿತಿ 35 ಎಂದಿದ್ದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಕರ ಮೇಲೇ ಪರೀಕ್ಷೆ ನಡೆಯಿತು. ತೇವದ ಗಾಳಿಯಲ್ಲಿ ಮಿತಿ 31ರ ಆಸುಪಾಸಿಗೇ ಬಂದು ನಿಂತಿತು, ಹಾಲ್ಡೇನ್ ಹೇಳಿದ ಜಾಗಕ್ಕೇ! ಒಣ ಬಿಸಿಲಲ್ಲಿ ಅದು ಇನ್ನೂ ಕೆಳಗಿದೆ, 25ರಿಂದ 28. ಸುಡುವ ಗಾಳಿಯೇ ಮೈಗೆ ಕಾವು ತುಂಬುವಾಗ ಎಷ್ಟು ಬೆವರಿದರೂ ಸಾಲದು. ಹಾಗಾಗಿ ರಾಯಚೂರಿನವರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಈ ಮಿತಿಗಳೆಲ್ಲ ಸುಮ್ನೆ ಕೂತವರ, ಇಲ್ಲವೇ ಹಗುರ ಓಡಾಟದ ಲೆಕ್ಕ. ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹೊರಡಿಸುತ್ತದೆ. ಗುದ್ದಲಿ ಹಿಡಿದರೆ, ಇಟ್ಟಿಗೆ ಹೊತ್ತರೆ ಅದು 400 ದಾಟುತ್ತದೆ. ಸ್ನಾಯುವಿನ ಶಕ್ತಿಯಲ್ಲಿ ಕೆಲಸವಾಗುವುದು ಕಾಲು ಭಾಗವೂ ಇಲ್ಲ, ಉಳಿದದ್ದೆಲ್ಲ ಕಾವು. ಅಂದರೆ ಒಂದೇ ಬಿಸಿಲಲ್ಲಿ ನೆರಳಿಗೆ ಕೂತ ಮೇಸ್ತ್ರಿಗೆ ಒಂದು ಹವೆ, ಸಿಮೆಂಟ್ ಬಾಂಡ್ಲಿ ಹೊತ್ತ ಹೆಂಗಸಿಗೆ ಇನ್ನೊಂದು ಹವೆ. ಆಕೆಗೆ ಸುಸ್ತಾದರೂ ಕೂರುವ ಹಾಗಿಲ್ಲ, ಕೂತರೆ ಕೂಲಿ ಕತ್ತರಿ. ರಾತ್ರಿ ತಗಡಿನ ಸೂರಿನ ಕೆಳಗೆ ಮೈ ತಣಿಯುವುದೂ ಇಲ್ಲ.

ಇಂಥವರಿಗೆ ನಾವು ಕೊಡುವ ಸಲಹೆ ಏನು? ಜೇಬಲ್ಲಿ ಈರುಳ್ಳಿ ಇಟ್ಟುಕೊಳ್ಳಿ, ಬಿಸಿಲು ತಾಗಲ್ಲ! ಜೇಬಿನ ಈರುಳ್ಳಿ ಬೆವರನ್ನು ಆರಿಸುವುದಿಲ್ಲ, ರಕ್ತವನ್ನು ತಣಿಸುವುದಿಲ್ಲ. ಅದಕ್ಕಿಂತ ಕೆಟ್ಟ ನಂಬಿಕೆ ಇನ್ನೊಂದಿದೆ: 'ನಮ್ಮ ಜನಕ್ಕೆ ಬಿಸಿಲು ರೂಢಿ.' ರೂಢಿಯಾದರೆ ಬೆವರು ಬೇಗ ಬರುತ್ತದೆ, ಜಾಸ್ತಿ ಬರುತ್ತದೆ, ನಿಜ. ಆದರೆ ಗಾಳಿ ಅದನ್ನು ಆರಿಸದಿದ್ದರೆ ಯಾವ ರೂಢಿಯೂ ಕಾಯುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಲ್ಲೇ ಸಮಾರಂಭ ನಡೆಯಿತು. ಹತ್ತಿರದ ಮಾಪನ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 38 ಡಿಗ್ರಿ. ಬಿಸಿಲಲ್ಲಿ ಕೂತಿದ್ದವರಲ್ಲಿ 14 ಜನ ಸತ್ತರು. ಅವರೆಲ್ಲ ಇದೇ ದೇಶದ ಬಿಸಿಲಲ್ಲಿ ಬೆಳೆದವರೇ ಅಲ್ವಾ?

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ಆವಿ ಹಿಡಿದುಕೊಳ್ಳಬಲ್ಲದು. ಹವಾಮಾನ ಬದಲಾವಣೆ ಎಂದರೆ ಬರೀ ಬಿಸಿಲು ಏರುವುದಲ್ಲ, ಬೆವರು ಆರುವ ದಾರಿಯೂ ಮುಚ್ಚುತ್ತಾ ಹೋಗುವುದು. ಅಮೆರಿಕದವರು ತಲಾ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಭಾರತದವರು ಸುಮಾರು 2 ಟನ್. ಆ ಎರಡು ಟನ್ನಿನಲ್ಲೂ ಬಾಂಡ್ಲಿ ಹೊರುವಾಕೆಯ ಪಾಲು ಅತಿ ಕಡಿಮೆ. ನಷ್ಟ ಮಾತ್ರ ಆಕೆಗೇ ಜಾಸ್ತಿ. 2030ರ ಹೊತ್ತಿಗೆ ಭಾರತ ಬಿಸಿಯಿಂದ 5.8% ಕೆಲಸದ ಗಂಟೆಗಳನ್ನು ಕಳೆದುಕೊಳ್ಳಬಹುದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂದಾಜು ಮಾಡಿತ್ತು.

ಕೈಕಟ್ಟಿ ಕೂರುವ ಪರಿಸ್ಥಿತಿಯೇನಿಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಮಾಮೂಲಿಗಿಂತ 1,344 ಸಾವು ಜಾಸ್ತಿಯಾದವು. 2013ರಲ್ಲಿ ಆ ನಗರ ಬಿಸಿಗಾಳಿ ಯೋಜನೆ ಮಾಡಿತು. ಮುನ್ನೆಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಗಳ ತಯಾರಿ, ಇಷ್ಟೇ. ಮುಂದಿನ ವರ್ಷಗಳಲ್ಲಿ ಸಾವಿರಾರು ಜೀವ ಉಳಿದವು ಎಂದು ಅಧ್ಯಯನ ಅಂದಾಜಿಸಿದೆ. ನಮ್ಮ ಕರಾವಳಿಯವರೂ ದುಡಿಯುವ ಕತಾರ್‌ನಲ್ಲಿ 2021ರಿಂದ ಒಂದು ನಿಯಮವಿದೆ. ಒದ್ದೆ ಬಲ್ಬಿನ ಜೊತೆ ಬಿಸಿಲಿನ ಕಾವನ್ನೂ ಸೇರಿಸಿ ಅಳೆದ ಸೂಚ್ಯಂಕ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಬೇಕು. ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರದಲ್ಲಿ 'ಸೇವಾ' (SEWA) ಎಂಬ ಮಹಿಳಾ ಕಾರ್ಮಿಕರ ಸಂಘಟನೆಯ ಸಾವಿರಾರು ದುಡಿಯುವ ಹೆಂಗಸರಿಗೆ 2024ರಲ್ಲಿ ಬಿಸಿಲು ಮಿತಿ ದಾಟಿದಾಗ ತಲಾ ಸುಮಾರು 400 ರೂಪಾಯಿ ಕೈಸೇರಿತು.

ನಮ್ಮಲ್ಲಿ? ಏಪ್ರಿಲ್-ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ, ಸಂಬಳ ಕಡಿಮೆಯಾಗುವುದಿಲ್ಲ. ಒಳ್ಳೆಯ ನಿಯಮ. ಫ್ಯಾನಿನ ಕೆಳಗೆ ಕೂರುವವರಿಗೆ ಸರಿಯಾದದ್ದು ಡಾಂಬರು ಹಾಕುವವರಿಗೆ ಯಾಕೆ ಬೇಡ? ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಮತ ಕೇಳಲು ಬಂದವರ ಮುಂದೆ ಎತ್ತಬೇಕು. ಹವಾಮಾನ ಕೇಂದ್ರಗಳ ಬಿಳಿ ಪೆಟ್ಟಿಗೆಯಲ್ಲಿ ಒದ್ದೆ ಬಲ್ಬ್ ಥರ್ಮಾಮೀಟರ್ ಮೊದಲಿನಿಂದಲೂ ಇದೆ. ಅದರ ಅಂಕಿಯನ್ನು ದಿನವೂ ಪ್ರಕಟಿಸಲಿ. ಮಿತಿ ದಾಟಿದ ದಿನ ಕೆಲಸ ನಿಲ್ಲಲಿ, ಕೂಲಿ ಪೂರ್ತಿ ಸಿಗಲಿ.