ಚಂದ್ರನ ನೆಲ ಯಾರದ್ದೂ ಅಲ್ಲ. ಅಗೆದ ಮಣ್ಣು ಯಾರದ್ದು?

ಚಂದ್ರನ ಮೇಲಿನ ಗಣಿಗಾರಿಕೆಯ ಕಾನೂನನ್ನು ಓದಲು ತೊಡಗುವವರು ಮೊದಲು ಗಮನಿಸಬೇಕಾದದ್ದು 1967ರ ಬಾಹ್ಯಾಕಾಶ ಒಪ್ಪಂದದ ಎರಡನೆಯ ವಿಧಿ. ಸಾರ್ವಭೌಮತ್ವವನ್ನು ಸಾರಿಯಾಗಲಿ, ಬಳಸಿಯಾಗಲಿ, ಅಲ್ಲಿ ನೆಲೆಯೂರಿಯಾಗಲಿ, ಬೇರಾವ ವಿಧಾನದಿಂದಾಗಲಿ ಯಾವ ರಾಷ್ಟ್ರವೂ ಚಂದ್ರನನ್ನು ತನ್ನದಾಗಿಸಿಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಇಷ್ಟನ್ನೇ ಓದಿ ‘ಆದ್ದರಿಂದ ಗಣಿಗಾರಿಕೆ ಕಾನೂನುಬಾಹಿರ’ ಎಂದು ಉತ್ತರ ಬರೆದು ಮುಗಿಸುವುದು ಅವಸರವಾದೀತು. ಅದೇ ಒಪ್ಪಂದದ ಮೊದಲನೆಯ ವಿಧಿ ಚಂದ್ರನನ್ನು ಅನ್ವೇಷಿಸುವ ಮತ್ತು ಬಳಸುವ ಸ್ವಾತಂತ್ರ್ಯವನ್ನು ಎಲ್ಲ ರಾಷ್ಟ್ರಗಳಿಗೂ ಕೊಡುತ್ತದೆ. ನೆಲದಿಂದ ಬೇರ್ಪಡಿಸಿ ಮೇಲೆತ್ತಿದ ಮಣ್ಣಿಗೋ ಮಂಜುಗಡ್ಡೆಗೋ ಒಡೆಯರು ಯಾರು ಎಂಬುದನ್ನು ಅದು ಎಲ್ಲಿಯೂ ಹೇಳುವುದಿಲ್ಲ. (ಚಂದ್ರನಲ್ಲಿ ನಿವೇಶನ ಕೊಡಿಸುತ್ತೇವೆಂದು ಪ್ರಮಾಣಪತ್ರ ಮಾರುವವರ ವಿಷಯ ಬೇರೆ. ಖಾಸಗಿಯವರ ಚಟುವಟಿಕೆಗೂ ಅವರವರ ಸರ್ಕಾರವೇ ಹೊಣೆ ಎಂದು ಆರನೆಯ ವಿಧಿ ಹೇಳುವುದರಿಂದ, ಸರ್ಕಾರಕ್ಕೇ ಇಲ್ಲದ ಹಕ್ಕನ್ನು ಆ ಕಾಗದ ಕೊಡಲಾರದು.)

ಈ ಮೌನವನ್ನು ತುಂಬಲು ವಿದ್ವಾಂಸರು ಸಮುದ್ರದ ಕಾನೂನಿನಿಂದ ಎರಡು ಮಾದರಿಗಳನ್ನು ತರುತ್ತಾರೆ. ಮುಕ್ತ ಸಮುದ್ರ ಯಾರ ಸ್ವತ್ತೂ ಅಲ್ಲ, ಆದರೂ ಅಲ್ಲಿ ಹಿಡಿದ ಮೀನು ಹಿಡಿದವರದು ಎಂಬುದು ಒಂದು ಮಾದರಿ. ಆಳಸಮುದ್ರದ ತಳದ ಲೋಹದ ಗಂಟುಗಳದು ಇನ್ನೊಂದು: ಅವು ಮನುಕುಲದ ಸಮಾನ ಸ್ವತ್ತಾಗಿದ್ದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಯಾರೂ ಅವುಗಳಿಗೆ ಕೈಹಾಕುವಂತಿಲ್ಲ. 1979ರ ಚಂದ್ರ ಒಪ್ಪಂದ ಈ ಎರಡನೆಯ ದಾರಿಯನ್ನೇ ಹಿಡಿದು, ಗಣಿಗಾರಿಕೆ ಕೈಗೂಡುವ ಕಾಲ ಸಮೀಪಿಸಿದಾಗ ಅಂತರರಾಷ್ಟ್ರೀಯ ವ್ಯವಸ್ಥೆಯೊಂದನ್ನು ಕಟ್ಟಬೇಕೆಂದು ಹನ್ನೊಂದನೆಯ ವಿಧಿಯಲ್ಲಿ ವಿಧಿಸಿತು. ಆದರೆ ಅಮೆರಿಕ, ರಷ್ಯಾ, ಚೀನಾ ಮೂರೂ ಅದರಿಂದ ದೂರ ಉಳಿದವು. ಭಾರತ 1982ರಲ್ಲಿ ಸಹಿ ಹಾಕಿತಾದರೂ ಅದನ್ನು ಸ್ಥಿರೀಕರಿಸಲಿಲ್ಲ. ಸದಸ್ಯನಾಗಿದ್ದ ಸೌದಿ ಅರೇಬಿಯಾ 2024ರ ಜನವರಿಯಲ್ಲಿ ಹೊರನಡೆಯಿತು.

ಇತ್ತ ಮೀನಿನ ಮಾದರಿ ಒಂದೊಂದೇ ದೇಶದ ಕಾನೂನಾಗಿ ಬೆಳೆಯಿತು. ತನ್ನ ನಾಗರಿಕರು ಬಾಹ್ಯಾಕಾಶದಲ್ಲಿ ಪಡೆದ ಸಂಪನ್ಮೂಲವನ್ನು ಹೊಂದಬಹುದು, ಸಾಗಿಸಬಹುದು, ಮಾರಬಹುದು ಎಂದು ಅಮೆರಿಕ 2015ರಲ್ಲಿ ಶಾಸನ ಮಾಡಿತು. 2017ರಲ್ಲಿ ಲಕ್ಸೆಂಬರ್ಗ್, 2019ರಲ್ಲಿ ಯುಎಇ, 2021ರಲ್ಲಿ ಜಪಾನ್ ಅದೇ ಹಾದಿ ಹಿಡಿದವು. ಚಂದ್ರನ ಅನ್ವೇಷಣೆಗಾಗಿ ಅಮೆರಿಕದ ನೇತೃತ್ವದಲ್ಲಿ ರೂಪುಗೊಂಡು, 2020ರ ಅಕ್ಟೋಬರಿನಲ್ಲಿ ಎಂಟು ದೇಶಗಳು ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆ, ಸಂಪನ್ಮೂಲವನ್ನು ಹೊರತೆಗೆಯುವುದು ತನ್ನಷ್ಟಕ್ಕೆ ತಾನೇ ರಾಷ್ಟ್ರೀಯ ಸ್ವಾಧೀನವಾಗುವುದಿಲ್ಲ ಎಂಬ ನಿಲುವನ್ನು ಬರವಣಿಗೆಗೆ ಇಳಿಸಿತು.

ಪರಿಪಾಠವೇ ನಿಯಮವಾಗುವುದನ್ನು ಹತ್ತಿರದಿಂದ ನೋಡಬೇಕೆಂದರೆ ಅದೇ ವರ್ಷದ ಡಿಸೆಂಬರಿಗೆ ಬರಬೇಕು. ಚಂದ್ರನ ಮೇಲೆ ಒಂದಿಷ್ಟು ಮಣ್ಣು ಸಂಗ್ರಹಿಸಿ, ಅದರ ಚಿತ್ರ ತೆಗೆದು, ಇದ್ದಲ್ಲಿಯೇ ಒಡೆತನವನ್ನು ವರ್ಗಾಯಿಸುವ ಗುತ್ತಿಗೆಗಳನ್ನು ನಾಸಾ ಖಾಸಗಿ ಕಂಪನಿಗಳಿಗೆ ಕೊಟ್ಟಿತು. ಲೂನರ್ ಔಟ್‌ಪೋಸ್ಟ್ ಎಂಬ ಕಂಪನಿ ಕೇಳಿದ ಬೆಲೆ ಒಂದೇ ಡಾಲರ್. ಜಪಾನಿನ ಐಸ್ಪೇಸ್ ಕೇಳಿದ್ದು 5,000 ಡಾಲರ್. ನಾಸಾಗೆ ಆ ಮಣ್ಣು ಅಷ್ಟೇನೂ ಬೇಕಿರಲಿಲ್ಲ. ಚಂದ್ರನ ವಸ್ತುವನ್ನು ಕೊಳ್ಳಬಹುದು, ಮಾರಬಹುದು ಎಂಬುದಕ್ಕೆ ಒಂದು ಪೂರ್ವನಿದರ್ಶನ ಬೇಕಿತ್ತು. ಆದರೆ ಈ ಎರಡು ಕಂಪನಿಗಳ ವ್ಯವಹಾರ ಕೈಗೂಡಲಿಲ್ಲ. ಐಸ್ಪೇಸ್‌ನ ಲ್ಯಾಂಡರುಗಳು 2023ರಲ್ಲೂ 2025ರಲ್ಲೂ ಅಪ್ಪಳಿಸಿದವು. ಲೂನರ್ ಔಟ್‌ಪೋಸ್ಟ್‌ನ ರೋವರ್ ಹೊತ್ತ ಲ್ಯಾಂಡರ್ 2025ರ ಮಾರ್ಚ್‌ನಲ್ಲಿ ಪಕ್ಕಕ್ಕೆ ಉರುಳಿ, ರೋವರ್ ಒಳಗೇ ಉಳಿಯಿತು.

ಅಪೊಲೊ ಯಾತ್ರಿಗಳು ತಂದ 382 ಕಿಲೋಗ್ರಾಂ ಶಿಲೆ ಮತ್ತು ಮಣ್ಣು ಅಮೆರಿಕದ್ದೆಂಬುದನ್ನಾಗಲಿ, ಚಾಂಗ್‌ಇ-6 ಚಂದ್ರನ ಆಚೆ ಮಗ್ಗುಲಿನಿಂದ 2024ರಲ್ಲಿ ತಂದ 1,935 ಗ್ರಾಂ ಚೀನಾದ್ದೆಂಬುದನ್ನಾಗಲಿ ಯಾವ ದೇಶವೂ ಪ್ರಶ್ನಿಸಿಲ್ಲ. ವಿಜ್ಞಾನಕ್ಕಾಗಿ ತಂದ ಮಾದರಿಗೆ ಸಿಕ್ಕ ಒಪ್ಪಿಗೆ ವ್ಯಾಪಾರಕ್ಕೂ ತಾನಾಗಿ ಅನ್ವಯಿಸುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಮಣ್ಣಿನ ಒಡೆತನದ ವಾದ ಕ್ರಮೇಣ ತಣ್ಣಗಾಗಲಿದೆ, ನಿಜವಾದ ಜಗಳ ಜಾಗದ್ದು ಎಂಬುದು ನನ್ನ ಅಭಿಪ್ರಾಯ.

ಜಾಗದ ಜಗಳಕ್ಕೆ ಕಾರಣ ಚಂದ್ರನ ರಚನೆಯಲ್ಲಿಯೇ ಇದೆ. ಅದರ ಅಕ್ಷದ ಓರೆ ಸುಮಾರು 1.5 ಡಿಗ್ರಿ ಮಾತ್ರ. ಹಾಗಾಗಿ ಧ್ರುವಗಳಲ್ಲಿ ಸೂರ್ಯ ಸದಾ ದಿಗಂತದ ಅಂಚಿನಲ್ಲೇ ಸುತ್ತುತ್ತಾನೆ. ದಕ್ಷಿಣ ಧ್ರುವದ ಬಳಿಯ, ಸುಮಾರು 21 ಕಿಲೋಮೀಟರ್ ಅಗಲದ ಶ್ಯಾಕಲ್ಟನ್ ಕುಳಿಯಂತಹ ಕಡೆಗಳಲ್ಲಿ ಎತ್ತರದ ಅಂಚುಗಳಿಗೆ ವರ್ಷದ ಬಹುಪಾಲು ಬೆಳಕು, ತಳಕ್ಕೆ ಎಂದೆಂದೂ ಕತ್ತಲೆ. ಬೆಳಕಿದ್ದಲ್ಲಿ ಸೌರವಿದ್ಯುತ್ತು, ಕತ್ತಲೆಯಲ್ಲಿ ಮಂಜುಗಡ್ಡೆ. ಮಂಜುಗಡ್ಡೆಯಿಂದ ನೀರು, ಉಸಿರಾಟಕ್ಕೆ ಆಮ್ಲಜನಕ, ರಾಕೆಟ್ಟಿಗೆ ಇಂಧನ. ಇವೆರಡೂ ಅಕ್ಕಪಕ್ಕದಲ್ಲಿರುವ ತಾಣಗಳು ಕೆಲವೇ ಇರುವುದರಿಂದ, ಅಮೆರಿಕದ ಆರ್ಟೆಮಿಸ್ ಯೋಜನೆಯೂ, ಚೀನಾ ಮತ್ತು ರಷ್ಯಾ 2021ರಲ್ಲಿ ಕೈಜೋಡಿಸಿದ ಅಂತರರಾಷ್ಟ್ರೀಯ ಚಂದ್ರ ಸಂಶೋಧನಾ ನೆಲೆಯೂ ಅದೇ ದಕ್ಷಿಣ ಧ್ರುವದ ಮೇಲೆ ಕಣ್ಣಿಟ್ಟಿವೆ.

ಒಬ್ಬರು ಇಳಿದ ಕಡೆ ಇನ್ನೊಬ್ಬರು ಇಳಿದರೆ ಏನಾಗುತ್ತದೆ? 1969ರ ನವೆಂಬರಿನಲ್ಲಿ ಅಪೊಲೊ-12, ಎರಡೂವರೆ ವರ್ಷದ ಹಿಂದೆ ಇಳಿದಿದ್ದ ಸರ್ವೇಯರ್-3 ನೌಕೆಯಿಂದ ಸುಮಾರು 160 ಮೀಟರ್ ದೂರದಲ್ಲಿ ಇಳಿಯಿತು. ಗಾಳಿಯಿಲ್ಲದ ಆ ನೆಲದಲ್ಲಿ ಎಂಜಿನ್ನಿನ ಹೊಡೆತಕ್ಕೆ ಚಿಮ್ಮಿದ ಧೂಳು ತಡೆಯಿಲ್ಲದೆ ಹಾರಿ ಸರ್ವೇಯರ್‌ನ ಮೈಯನ್ನು ಉಜ್ಜಿಹಾಕಿತ್ತು. ಯಾತ್ರಿಗಳು ಕಳಚಿ ತಂದ ಅದರ ಭಾಗಗಳಲ್ಲಿ ಆ ಗುರುತು ಸಿಕ್ಕಿತು. ಆದ್ದರಿಂದ ಆರ್ಟೆಮಿಸ್ ಒಡಂಬಡಿಕೆಯಲ್ಲಿ ಹೇಳಿರುವ ‘ಸುರಕ್ಷತಾ ವಲಯ’ ಬರಿಯ ನೆಪವಲ್ಲ, ಅದಕ್ಕೆ ಭೌತಿಕ ಕಾರಣವಿದೆ. ಆ ವಲಯಗಳನ್ನು ಮುಂಚಿತವಾಗಿ ತಿಳಿಸಬೇಕು, ಅವು ತಾತ್ಕಾಲಿಕವಾಗಿರಬೇಕು, ಎಲ್ಲರ ಮುಕ್ತ ಪ್ರವೇಶದ ತತ್ತ್ವವನ್ನು ಗೌರವಿಸಬೇಕು ಎಂಬ ಷರತ್ತುಗಳೂ ಅಲ್ಲಿವೆ. ಆದರೆ ಬೆಳಕಿನ ಅಂಚೊಂದರ ಸುತ್ತ ಎಳೆದ ವೃತ್ತ, ಗಣಿ ನಡೆಯುವಷ್ಟು ಕಾಲ, ಅಂದರೆ ದಶಕಗಟ್ಟಲೆ ಮುಂದುವರಿದರೆ, ‘ಬಳಸಿಯಾಗಲಿ, ನೆಲೆಯೂರಿಯಾಗಲಿ’ ಎಂದು ಎರಡನೆಯ ವಿಧಿ ನಿಷೇಧಿಸಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ ಉಳಿಯುತ್ತದೆ? ಇಂಥ ಘರ್ಷಣೆಗೆ ಮೂಲ ಒಪ್ಪಂದದ ಒಂಬತ್ತನೆಯ ವಿಧಿ ಕೊಡುವ ಪರಿಹಾರ, ಪರರ ಹಿತವನ್ನು ಗಮನದಲ್ಲಿಡಬೇಕು, ಹಾನಿಕರ ಅಡಚಣೆಯ ಶಂಕೆಯಿದ್ದರೆ ಸಮಾಲೋಚಿಸಬೇಕು ಎಂಬಷ್ಟು ಮಾತ್ರ. ಸಮಾಲೋಚನೆ ಮುರಿದುಬಿದ್ದರೆ ತೀರ್ಪು ಕೊಡುವ ಪೀಠವನ್ನು ಅದು ಹೆಸರಿಸುವುದಿಲ್ಲ. ಅಮೆರಿಕದ ಸಂಸತ್ತಿನ ಅನುಮತಿಯಿಲ್ಲದೆ ನಾಸಾ ಚೀನಾದೊಂದಿಗೆ ನೇರವಾಗಿ ಸಹಕರಿಸುವುದನ್ನು 2011ರಿಂದ ನಿರ್ಬಂಧಿಸಿರುವುದು ಮಾತುಕತೆಯ ದಾರಿಯನ್ನು ಇನ್ನಷ್ಟು ಕಿರಿದಾಗಿಸಿದೆ.

ಭಾರತದ ನಿಲುವನ್ನು ಪ್ರತ್ಯೇಕವಾಗಿಯೇ ಓದಿಕೊಳ್ಳಬೇಕು. ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರ್ ಪ್ರದೇಶದ ಅನ್ವೇಷಣಾ ಹಕ್ಕನ್ನು ಸಮಾನ ಸ್ವತ್ತಿನ ವ್ಯವಸ್ಥೆಯಿಂದಲೇ ಪಡೆದ ದೇಶ, ಚಂದ್ರನ ವಿಷಯದಲ್ಲಿ ಮೀನಿನ ಮಾದರಿಯತ್ತ ವಾಲಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿ ಖಾಸಗಿ ಸಂಸ್ಥೆಗಳಿಗೆ ಬಾಹ್ಯಾಕಾಶ ಸಂಪನ್ಮೂಲವನ್ನು ಹೊಂದುವ, ಸಾಗಿಸುವ, ಮಾರುವ ಅವಕಾಶವನ್ನು ಹೆಚ್ಚುಕಡಿಮೆ ಅಮೆರಿಕದ ಶಾಸನದ ಪದಗಳಲ್ಲೇ ಕೊಡುತ್ತದೆ. ಅದೇ ವರ್ಷದ ಜೂನ್ 21ರಂದು ಭಾರತ ಆರ್ಟೆಮಿಸ್ ಒಡಂಬಡಿಕೆಗೂ ಸಹಿ ಹಾಕಿತು. ನೀತಿ ಶಾಸನವಲ್ಲ ಎಂಬುದನ್ನು ಮರೆಯಬಾರದು: 2017ರಲ್ಲಿ ಕರಡು ಹೊರಬಂದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಕಾಯ್ದೆಯಾಗಲಿಲ್ಲ. ದಕ್ಷಿಣ ಧ್ರುವದ ಬಳಿ ನೆಲ ಕೊರೆದು ನೀರನ್ನು ಹುಡುಕಲು ಇಸ್ರೋ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಜೊತೆಯಾಗಿ ಕೈಗೊಂಡಿರುವ ಚಂದ್ರಯಾನ-5ಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಲ್ಯಾಂಡರ್ ಭಾರತದ್ದು, ರೋವರ್ ಜಪಾನಿನದು; ಎರಡು ದೇಶಗಳ ಪೈಕಿ ಸಂಪನ್ಮೂಲ ಕಾಯ್ದೆ ಇರುವುದು ಜಪಾನಿನಲ್ಲಿ ಮಾತ್ರ.